ಮೇಲಿನ ನೇರಳೆಗೆ ಬಂದವರು

ಬಸ್ಸು ಉಜಿರೆ ತಲುಪುವ ಮೊದಲೇ ಪುಷ್ಪರಾಜನ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜಲು ತೊಡಗಿತ್ತು. ಅದು ಟಿಕೆಟ್ ಹರಿಯುವ ಬೆರಳು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರನಾಗಿದ್ದು, ಬಿಟ್ಟು ಮೂರು ವರ್ಷವಾದರೂ, ಆ ಬೆರಳಿಗೆ ಯಾರೂ ಸುದ್ದಿ ಮುಟ್ಟಿಸಿದಂತಿರಲಿಲ್ಲ. ಎದುರಿಗೆ ಸ್ಟಿಯರಿಂಗ್ ಹಿಡಿದವನು ಇಬ್ರಾಹಿಂ ಖಲೀಲನೇ. ಹತ್ತೊಂಬತ್ತು ವರ್ಷ ಇವನು ಸೀಟಿ ಊದಿದ್ದು, ಅವನು ಗೇರು ಹಾಕಿದ್ದು. ಈಗಿನ ಕಂಡಕ್ಟರ್ ಕತ್ತಿಗೆ ಮೆಷಿನ್ ನೇತುಹಾಕಿಕೊಂಡು ಬಂದು ಪುಷ್ಪರಾಜನನ್ನು ನೋಡಿ, ನಕ್ಕು, ದಾಟಿ ಹೋದ. ಹಳಬರಿಗೆ ಟಿಕೆಟ್ ಇಲ್ಲ. ಬೇರೆ ದಿನಗಳಲ್ಲಿ ಈ ಮರ್ಯಾದೆ ಎದೆಯಲ್ಲೊಂದು ಬಿಸಿ ಹುಟ್ಟಿಸುತ್ತಿತ್ತು. ಇವತ್ತು, ಅದನ್ನೂ ತಾನು ಕದ್ದ ಹಾಗೆ ಅನ್ನಿಸಿ, ಅವನು ಕಿಟಕಿಯ ಕಡೆಗೆ ತಿರುಗಿದ. ಬೆಳಿಗ್ಗೆ ಬುತ್ತಿಯ ಡಬ್ಬಿ ಒರೆಸುತ್ತ ಹೆಂಡತಿ ರಾಜಮತಿ, "ಜೇನು ನಾಲಗೆಗೆ ತಾಗಿಸದ ಜೈನರ ಮನೆಯಲ್ಲಿ ಹುಟ್ಟಿ ಜೇನುನೊಣ ಎಣಿಸುವ ಉದ್ಯೋಗ ನಿಮಗೆ," ಎಂದಿದ್ದಳು. ಎರಡು ವರ್ಷದಿಂದ ಅದೇ ಮಾತು, ಅದಕ್ಕೆ ಅವನದು ಅದೇ ನಗು. ಆದರೆ ಇವತ್ತು ಅವಳು ಡಬ್ಬಿ ಕೊಡದೆ ಕೈಯಲ್ಲೇ ಹಿಡಿದು, "ಮುಖ ಯಾಕೆ ಹೀಗೆ?" ಎಂದು ಕೇಳಿದಳು. ಹೇಗೆ ಎಂದರೆ, "ಚೆಕ್ಕಿಂಗಿನವರು ಹತ್ತಿದ ಹಾಗೆ." ಅವನು ಬೇಕಾದ್ದಕ್ಕಿಂತ ಜಾಸ್ತಿ ನಕ್ಕಿದ್ದ. ಅಷ್ಟು ನಗಬಾರದಿತ್ತು.

ಉಜಿರೆಯಲ್ಲಿ ರಿಫಾ ಹತ್ತಿದಳು. ವಿಟ್ಲದ ಹುಡುಗಿ, ಇಲ್ಲಿ ಕೋಣೆ ಮಾಡಿಕೊಂಡು ಘಾಟಿಯ ಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬೆನ್ನಿಗೊಂದು ಚೀಲ, ಕೈಯಲ್ಲಿ ಆ ನೀಲಿ ಫೈಲು. ಫೈಲು ಕಂಡದ್ದೇ ಪುಷ್ಪರಾಜನ ಬೆರಳು ನಿಂತಿತು.

"ಅಂಕಲ್, ನಿಮಗೆ ನಿದ್ದೆ ಬಂತಾ? ನನಗೆ ಬರ್ಲೇ ಇಲ್ಲ ಮಾರಾಯ್ರೆ."

"ಎಂತಕ್ಕೆ?"

"ಇವತ್ತು ಕಾಯಿ ಎಣಿಸಿದ್ರೆ ಮುಗೀತಲ್ಲ. ಸೋಮವಾರ ನಮ್ಮ ಗೈಡ್ ಮೇಡಂಗೆ ಕಳಿಸ್ಬೇಕು. ಬೇರೆ ಬೆಟ್ಟಕ್ಕೆ ಹೋದವರದ್ದೆಲ್ಲ ಒಂದೇ ಕಥೆ. ಹೂ ಬೇಗ, ಹುಳ ತಡ. ನಮ್ಮದರಲ್ಲಿ ಮಾತ್ರ ಹೆಜ್ಜೇನು ಸರಿಯಾದ ಟೈಮಿಗೆ ಬಂದಿದೆ. ಎಣಿಸಿದ್ದು ಯಾರು ಅಂತ ಕೇಳಿದ್ರು ಮೇಡಂ. ನಾನು ಹೇಳಿದೆ, ಮೂವತ್ತು ವರ್ಷ ಈ ಘಾಟಿ ಹತ್ತಿ ಇಳಿದವರು, ಅವರ ಕಣ್ಣು ತಪ್ಪುವುದಿಲ್ಲ ಅಂತ."

"ಮೂವತ್ತಕ್ಕೆ ಒಂದು ಕಡಿಮೆ," ಎಂದ ಪುಷ್ಪರಾಜ. ಆ ಒಂದನ್ನು ಅಷ್ಟು ಬೇಗ ತಿದ್ದಿದ ತನ್ನ ಬಾಯಿಯ ಬಗ್ಗೆ ಅವನಿಗೇ ಆಶ್ಚರ್ಯವಾಯಿತು.

ಮುಂಡಾಜೆ ಹೋಯಿತು, ಕಕ್ಕಿಂಜೆ ಹೋಯಿತು. ರಿಫಾಳ ತಲೆ ಕಿಟಕಿಗೆ ಒರಗಿ, ತಿರುವು ಬಂದಾಗಲೊಮ್ಮೆ ಕುಟ್ಟಿ, ಮತ್ತೆ ಒರಗಿತು. ಅವಳ ಮಡಿಲಿನ ಫೈಲಿನೊಳಗೆ ಹನ್ನೆರಡು ಹಾಳೆಗಳಿದ್ದವು. ಘಾಟಿಯ ಬುಡದಲ್ಲಿ ಒಂದು ನೇರಳೆ ಮರ, ನಡುವಿನ ತಿರುವಿನಲ್ಲಿ ಒಂದು, ಮಂಜು ಮುಟ್ಟುವ ತಲೆಯಲ್ಲಿ ಒಂದು. ಹೂವಿನ ಕಾಲದಲ್ಲಿ ಪ್ರತಿ ಮರದಡಿಯಲ್ಲಿ ನಾಲ್ಕು ದಿನ, ಏಳರಿಂದ ಹನ್ನೊಂದರವರೆಗೆ ಕೂತು, ಹೂವಿಗೆ ಬಂದವರನ್ನು ಬರೆಯುವುದು ಅವನ ಕೆಲಸ. ಹಾಳೆಯಲ್ಲಿ ಕಾಲಂಗಳಿದ್ದವು: ಹೆಜ್ಜೇನು, ತುಡುವೆ ಜೇನು, ನೊಣ, ಚಿಟ್ಟೆ, ಹಕ್ಕಿ. ಆ ದಿನಗಳಲ್ಲಿ ರಿಫಾ ಕುದುರೆಮುಖದ ಕಡೆ ಇನ್ನೊಂದು ಬೆಟ್ಟದಲ್ಲಿದ್ದಳು. ಹಾಳೆ, ಪೆನ್ನು, ಕೂರಲು ಒಂದು ಪ್ಲಾಸ್ಟಿಕ್ ಚಾಪೆ ಕೊಟ್ಟು, "ನೀವು ಕಂಡದ್ದು ಬರೆದರೆ ಸಾಕು ಅಂಕಲ್" ಎಂದು ಹೋಗಿದ್ದಳು. ಕಂಡದ್ದು. ಇಪ್ಪತ್ತೊಂಬತ್ತು ವರ್ಷ ಕಂಡದ್ದು ಅವನಿಗೆ ಗೊತ್ತಿತ್ತು. ಬುಡದ ನೇರಳೆ ಹೂ ಬಿಡುವುದು ಶಿವರಾತ್ರಿಯ ಆಚೀಚೆ. ಅದು ಉದುರುವ ಹೊತ್ತಿಗೆ ನಡುವಿನದು ಬಿಡುತ್ತದೆ. ಅದು ಮುಗಿಯುವಾಗ, ಯುಗಾದಿ ಕಳೆದು, ಮೇಲಿನದು. ಹೂವೂ ಬಸ್ಸಿನ ಹಾಗೆ ಎರಡನೇ ಗೇರಿನಲ್ಲಿ ಮೆಲ್ಲಗೆ ಘಾಟಿ ಹತ್ತುತ್ತಿತ್ತು. ಹೆಜ್ಜೇನು ಆ ಬಸ್ಸಿನಲ್ಲೇ ಕೂತು ಮೇಲಕ್ಕೆ ಹೋಗುತ್ತಿತ್ತು. ಬಂಡೆಗೆ ಅಂಟಿದ ಅವುಗಳ ಗೂಡಿನ ಕರಿ ಹಲ್ಲೆಗಳು ಬಲಗಡೆಯ ಸೀಟಿನಲ್ಲಿ ಕೂತವರಿಗೆ ಕಾಣುತ್ತಿದ್ದವು. ಅವನು ಪೇಟೆಯಿಂದ ಬಂದ ಮಕ್ಕಳಿಗೆ ತೋರಿಸುತ್ತಿದ್ದ, ನೋಡಿ, ಗಾಜಿಗೆ ಕೈ ಹಾಕಬೇಡಿ, ನೋಡಿ.

ಈ ವರ್ಷ ಚಳಿ ಬರಲೇ ಇಲ್ಲ. ಜನವರಿಯಲ್ಲಿ ದಾರಿ ತಪ್ಪಿದ ಹಾಗೆ ಒಂದು ಮಳೆ ಬಿತ್ತು. ಅನಂತರ ಮೂರು ಮರವೂ ಯಾರೋ ಕೂಗಿ ಎಬ್ಬಿಸಿದಂತೆ ಒಟ್ಟಿಗೇ ಹೂ ಬಿಟ್ಟವು, ಮೇಲಿನದು ಎರಡು ದಿನ ಮುಂಚೆಯೇ. ರಿಫಾ ಗಡಿಬಿಡಿಯಲ್ಲಿ ಅವನನ್ನು ಮೊದಲು ಮೇಲಕ್ಕೆ ಕಳಿಸಿದಳು. ಆ ಮೊದಲ ದಿನ ಬಸ್ಸಿನಲ್ಲಿ, ಇದೇ ಸೀಟಿನಲ್ಲಿ, ಅವನು ಹಾಳೆಯನ್ನು ತೊಡೆಯ ಮೇಲಿಟ್ಟು ಹೆಜ್ಜೇನಿನ ಕಾಲಂನಲ್ಲಿ ಹದಿನಾಲ್ಕು ಎಂದು ಬರೆದ. ಮೋಸ ಮಾಡಬೇಕೆಂದಲ್ಲ. ಕಂಡಕ್ಟರನ ಕೈ ಹಾಗೆ. ಘಾಟಿಯ ತಿರುವಿನಲ್ಲಿ ನಿಂತು ಬರೆಯಲಾಗುವುದಿಲ್ಲ. ಆದ್ದರಿಂದ ಮುಂದಿನ ಸ್ಟಾಪಿನಲ್ಲಿ ಯಾರು ಹತ್ತುತ್ತಾರೋ ಅವರನ್ನು ಹಿಂದಿನ ಸ್ಟಾಪಿನಲ್ಲೇ ಟಿಕೆಟ್ ಲೆಕ್ಕದ ಶೀಟಿಗೆ ಹತ್ತಿಸಿಬಿಡುವುದು. ಸೋಮವಾರವಾದರೆ ಮೇಷ್ಟ್ರು, ಬುಧವಾರವಾದರೆ ಒಣಮೀನಿನ ಮೈಮೂನಮ್ಮ. ಅವರು ಬರುತ್ತಾರೆ, ಬಾರದೆ ಎಲ್ಲಿಗೆ ಹೋಗುತ್ತಾರೆ. ಏಳು ಗಂಟೆಗೆ ಮರದಡಿ ಕೂತ. ಎಂಟಾಯಿತು. ಮೇಲೆ ಬಿಳಿ ಹೂವಿನ ನಡುವೆ ಮಂಜು ಹೊಕ್ಕು ಹೊರಡುತ್ತಿತ್ತು. ಹೆಜ್ಜೇನಿನ ಆ ದಪ್ಪ ಸದ್ದು ಇಲ್ಲ. ತಡ ಆಗಿರಬೇಕು, ಅವನು ಅಂದುಕೊಂಡ, ಕೆಳಗೆ ಎಲ್ಲೋ ಟಯರ್ ಪಂಕ್ಚರ್ ಆಗಿರಬೇಕು. ಹನ್ನೊಂದಕ್ಕೆ ಎದ್ದಾಗ ಹದಿನಾಲ್ಕು ಹಾಗೇ ಇತ್ತು. ಕಾಟು ಹೊಡೆಯಲು ಪೆನ್ನು ತೆಗೆದು ಮತ್ತೆ ಮುಚ್ಚಿದ. ಶೀಟಿನಲ್ಲಿ ಕಾಟು ಕಂಡರೆ ಚೆಕ್ಕಿಂಗಿನವರು ಬಿಡುವುದಿಲ್ಲ, ಹೊಡೆದದ್ದು ಯಾಕೆ, ಮೊದಲು ಬರೆದದ್ದು ಯಾಕೆ. ನಾಳೆ ಬಂದಾವು. ಮರುದಿನ, ಹಿಂದಿನ ದಿನಕ್ಕೆ ಹೊಂದಬೇಕೆಂದು, ಹದಿನೇಳು ಬರೆದ.

"ಚಾರ್ಮಾಡಿ," ಎಂದ ಮೆಷಿನ್ನಿನ ಕಂಡಕ್ಟರ್. ರಿಫಾ ಬೆಚ್ಚಿ ಎದ್ದಳು.

ಬುಡದ ನೇರಳೆ ನೀರು ಹರಿಯುವ ತೋಡಿನ ಬದಿಯಲ್ಲಿತ್ತು. ಗುರುತಿನ ರೆಂಬೆಗೆ ಕೆಂಪು ದಾರ, ಪಕ್ಕದ ರೆಂಬೆಗೆ ಸೊಳ್ಳೆಪರದೆಯಂಥ ಬಲೆಯ ಚೀಲ. ಚೀಲದೊಳಗಿನ ಹೂವಿಗೆ ಯಾರೂ ಬರಲಾರರು, ಹೊರಗಿನ ಹೂವಿಗೆ ಯಾರು ಬೇಕಾದರೂ ಬರಬಹುದು. ರಿಫಾ ಎಣಿಸಿದಳು, ಪುಷ್ಪರಾಜ ಬರೆದ. ಚೀಲದಲ್ಲಿ ಒಂದೂ ಕಾಯಿ ಇಲ್ಲ. ಹೊರಗೆ ಮೂವತ್ತೊಂದು, ಬಟಾಣಿ ಗಾತ್ರದ ಹಸಿರು ಕಾಯಿ. ಇಲ್ಲಿ ತುಡುವೆ ಬಂದಿತ್ತು, ತೋಡಿನಾಚೆಯ ಮನೆಯವರು ಜೇನುಪೆಟ್ಟಿಗೆ ಇಟ್ಟಿದ್ದರು. ತುಡುವೆಯನ್ನು ಅವನು ಸರಿಯಾಗಿಯೇ ಬರೆದಿದ್ದ. ಅದರ ಬಗಲಿಗೆ ಹೆಜ್ಜೇನನ್ನೂ ಬರೆದಿದ್ದ. ನಿಜದ ಪಕ್ಕದಲ್ಲಿ ಕೂತ ಸುಳ್ಳು ಎಷ್ಟು ಸಭ್ಯವಾಗಿ ಕಾಣುತ್ತದೆ ಎಂದು ಅವನಿಗೆ ಅನ್ನಿಸಿತು, ಮದುವೆಗೆ ಕರೆಯದೆ ಬಂದವನು ಇಸ್ತ್ರಿಯ ಅಂಗಿ ಹಾಕಿಕೊಂಡು ಮೊದಲ ಪಂಕ್ತಿಗೇ ಕೂತ ಹಾಗೆ.

ನಡುವಿನ ತಿರುವಿಗೆ ಒಂದು ಜೀಪು ಸಿಕ್ಕಿತು. ಅಲ್ಲಿ ರಿಫಾ ಎರಡು ಸಲ ಎಣಿಸಿದಳು. ಮೂರು ಕಾಯಿ. ಅದರಲ್ಲಿ ಒಂದು ಮುಟ್ಟಿದರೆ ಬಿತ್ತು. ಅವಳು ಫೈಲು ಬಿಚ್ಚಿ ಅವನ ಹಾಳೆ ನೋಡಿದಳು. ಪುಷ್ಪರಾಜ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಲ್ಲಿಗೆ ಉಜ್ಜತೊಡಗಿದ.

"ಹನ್ನೆರಡು, ಹದಿನೈದು, ಹದಿಮೂರು, ಹದಿನಾರು. ಇಷ್ಟು ಹೆಜ್ಜೇನು ಬಂದೂ ಕಾಯಿ ಕಟ್ಟಲಿಲ್ಲ, ಯಾಕೆ ಅಂಕಲ್?"

ಈಗ ಹೇಳಬಹುದಿತ್ತು. ಬಾಯಿ ತೆರೆದಿತ್ತು ಕೂಡ. ಆದರೆ ಅವಳೇ ಮುಂದುವರಿದಳು. "ಮಾರ್ಚಲ್ಲಿ ಒಂದು ಗಾಳಿ ಬಂದಿತ್ತಲ್ಲ? ಮಿಡಿ ಎಲ್ಲ ಉದುರಿರಬೇಕು. ಹೌದಲ್ಲ?"

"ಇರಬಹುದು," ಎಂದ ಪುಷ್ಪರಾಜ. ಅವಳು ಪೆನ್ಸಿಲಿನಲ್ಲಿ ಗಾಳಿ ಎಂದು ಬರೆದು ಪ್ರಶ್ನೆಚಿಹ್ನೆ ಹಾಕಿದಳು. ಬೀಸದ ಗಾಳಿಯೊಂದು ಅವನ ಕಣ್ಣೆದುರಿಗೇ ಹಾಳೆಯೊಳಕ್ಕೆ ಹತ್ತಿ ಸೀಟು ಹಿಡಿಯಿತು.

ಮೇಲಕ್ಕೆ ನಡೆದು ಹೋಗುವಾಗ ಅವಳು ಮುಂದೆ, ಅವನು ಹಿಂದೆ. ಎದುರಿನ ಬಂಡೆ ಬರಿದಾಗಿತ್ತು. ಏಪ್ರಿಲ್ ನಡುವಿನಲ್ಲಿ ದಿನವೂ ಸುಮ್ಮನೆ ಬಂದು ಹೋದವನು ಆ ಬಂಡೆಯಲ್ಲಿ ಹೆಜ್ಜೇನು ಕೂತದ್ದನ್ನು ನೋಡಿದ್ದ. ಅವು ಬಂದಿದ್ದವು! ತಮ್ಮ ಲೆಕ್ಕದ ದಿನಕ್ಕೆ, ಯುಗಾದಿ ಕಳೆದು. ಮರಗಳಲ್ಲಿ ಹೂವಿರಲಿಲ್ಲ. ಕೈಯಗಲದ ಚಿಕ್ಕ ಚಿಕ್ಕ ಹಲ್ಲೆಗಳು, ಸದ್ದೂ ಸಣ್ಣ. ಬಸ್ಸು ಹೋದ ಮೇಲೆ ಸ್ಟಾಪಿನಲ್ಲಿ ನಿಂತವರ ಹಾಗೆ ವಾರವಿಡೀ ಕಾದು, ಒಂದು ಬೆಳಿಗ್ಗೆ ಇರಲಿಲ್ಲ. ನಿಂತವರ ಮುಖ ಹೇಗಿರುತ್ತದೆ ಅಂತ ಅವನಿಗೆ ಗೊತ್ತು. ವರ್ಷಗಳ ಹಿಂದಿನ ಆ ಒಂದು ಬುಧವಾರ ಬಸ್ಸು ತುಂಬಿತ್ತು, ಹಿಂದಿನ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಎರಡನೆಯ ತಿರುವಿನಲ್ಲಿ ಖಲೀಲ, "ಮೈಮೂನಮ್ಮ ಹತ್ತಿದ್ರಾ?" ಎಂದು ಕೂಗಿದ್ದ. ಶೀಟಿನಲ್ಲಿ ಅವರು ಆಗಲೇ ಹತ್ತಿ ಆಗಿತ್ತು. "ಹತ್ತಿದ್ರು, ರೈಟ್!" ಎಂದು ಸೀಟಿ ಊದಿದ. ಬಸ್ಸು ತಿರುಗುವಾಗ ಹಿಂದಿನ ಗಾಜಿನಲ್ಲಿ, ಕೆಳಗಿನ ಕಾಲುದಾರಿಯಿಂದ ಏರಿ ಬರುತ್ತಿದ್ದ ಒಂದು ಬುಟ್ಟಿ, ಬುಟ್ಟಿಯ ಕೆಳಗೊಂದು ಎತ್ತಿದ ಕೈ. ಅವನು ನೋಡಿದ. ನೋಡಿಯೂ ಬಸ್ಸು ನಿಲ್ಲಿಸಲು ಇನ್ನೊಂದು ಸೀಟಿ ಊದಲಿಲ್ಲ, ಜನ ಬೈಯುತ್ತಾರೆ ಎಂದು. ಮುಂದಿನ ಬುಧವಾರ ಮೈಮೂನಮ್ಮ ಬುಟ್ಟಿ ಇಳಿಸಿ, ಸೀಟಿನಲ್ಲಿ ಸರಿಯಾಗಿ ಕೂತು, ಎಲ್ಲರಿಗೂ ಕೇಳುವ ಹಾಗೆ, "ಹೋದ ವಾರವೂ ನಾನು ಇದರಲ್ಲೇ ಮೇಲೆ ಹೋಗಿದ್ದೆನಂತಲ್ಲ ಪುಷ್ಪಣ್ಣ, ಖಲೀಲ ಹೇಳಿದ. ನನಗೆ ಸೀಟು ಸಿಕ್ಕಿತ್ತಾ?" ಎಂದು ಕೇಳಿದ್ದರು. ಬಸ್ಸಿಗೆ ಬಸ್ಸೇ ನಕ್ಕಿತ್ತು. ಅವರೂ ನಕ್ಕಿದ್ದರು, ವೀಳ್ಯದ ಕೆಂಪು ಬಾಯಿ ಬಿಟ್ಟು. ಆ ನಗು ಈಗ, ಅವರು ತೀರಿಹೋಗಿ ಎಂಟು ವರ್ಷವಾದ ಮೇಲೆ, ಮಂಜಿನಲ್ಲಿ ಅವನ ಜೊತೆ ಜೊತೆಗೆ ಮೇಲೇರುತ್ತಿತ್ತು.

ಮೇಲಿನ ನೇರಳೆ ಕುಳ್ಳ. ಗಾಳಿಗೆ ಬೆನ್ನು ಕೊಟ್ಟು ಕೂತ ಮುದುಕನ ಹಾಗೆ ಒಂದೇ ಕಡೆಗೆ ಬಾಗಿತ್ತು. ಮಂಜು ಅದರ ಎಲೆಗಳ ಮೇಲೆ ಹನಿ ಕಟ್ಟಿ, ಹನಿ ತನ್ನಷ್ಟಕ್ಕೆ ದೊಡ್ಡದಾಗಿ, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ರಿಫಾ ರೆಂಬೆ ಬಗ್ಗಿಸಿದಳು. ಎಲೆಗಳನ್ನು ಸರಿಸಿ ನೋಡಿದಳು. ಆಮೇಲೆ, "ಯಾ ಅಲ್ಲಾಹ್, ಅಂಕಲ್, ನೋಡಿ!" ಎಂದಳು.

ಗೊಂಚಲು ಗೊಂಚಲು ಕಾಯಿ. ಕೆಂಪು ದಾರದ ರೆಂಬೆ ಭಾರಕ್ಕೆ ತೂಗುತ್ತಿತ್ತು. ಅವಳು ಗಟ್ಟಿಯಾಗಿ ಎಣಿಸಿದಳು, ಬೆರಳು ಮಡಚುತ್ತ, ಮಧ್ಯೆ ನಗುತ್ತ. ಎಂಬತ್ತಾರು. ಬಲೆಯ ಚೀಲದಲ್ಲಿ ಇಲ್ಲೂ ಸೊನ್ನೆ. "ಯಾರೂ ಬಾರದೆ ಇಷ್ಟು ಆಗ್ಲಿಕ್ಕೆ ಸಾಧ್ಯವೇ ಇಲ್ಲ," ಎಂದು ಹಾಳೆ ತೆಗೆದಳು. "ಹದಿನಾಲ್ಕು, ಹದಿನೇಳು, ಹನ್ನೊಂದು, ಹದಿನೆಂಟು. ನೊಣ ಸೊನ್ನೆ, ಚಿಟ್ಟೆ ಎರಡು. ನಿಮ್ಮ ಹೆಜ್ಜೇನು ನಿಮ್ಮ ಮಾತು ಉಳಿಸಿತು ಅಂಕಲ್. ನಡುವಿನದಕ್ಕೆ ಗಾಳಿಯೇ ಕಾರಣ, ಡೌಟೇ ಇಲ್ಲ."

ಹೀಗೂ ಆಗುತ್ತದೆಂದು ಪುಷ್ಪರಾಜ ಎಣಿಸಿರಲಿಲ್ಲ. ಸಿಕ್ಕಿಬೀಳುವುದಕ್ಕೆ ಅವನು ಒಂದು ವಾರದಿಂದ ತಯಾರಾಗಿದ್ದ. ತಪ್ಪಿಸಿಕೊಳ್ಳುವುದಕ್ಕೆ ತಯಾರಾಗಿರಲಿಲ್ಲ. ಚೆಕ್ಕಿಂಗಿನವರು ಹತ್ತಿ, ಶೀಟು ನೋಡಿ, ಬೆನ್ನು ತಟ್ಟಿ ಇಳಿದುಹೋದ ಹಾಗಾಗಿತ್ತು. ಮರ ಸಾಕ್ಷಿ ಹೇಳಿತ್ತು. ಸುಮ್ಮನಿದ್ದರೆ ಮುಗಿಯಿತು. ಬರುವ ವರ್ಷವೂ ಚಾಪೆ, ಪೆನ್ನು, ಬೆಳಗಿನ ಬಸ್ಸು. ಮನೆಯಲ್ಲಿ ಹಗಲು ಕೂತು ಗೋಡೆ ಗಡಿಯಾರ ನೋಡುವುದು ತಪ್ಪುತ್ತದೆ. ಅವನು ರೆಂಬೆಯನ್ನು ನೋಡುತ್ತ ನಿಂತ. ಕಾಯಿಗಳು ನಿಜವಾಗಿಯೂ ಇದ್ದವು. ಯಾರೋ ನಿಜವಾಗಿಯೂ ಬಂದಿದ್ದರು.

ನೊಣ. ಆ ನಾಲ್ಕೂ ಬೆಳಿಗ್ಗೆ ಮಂಜು ಹರಿಯುವ ಮೊದಲೇ ಅವು ಇದ್ದವು. ಜೇನಿಗೆ ಆಗದ ಚಳಿಯಲ್ಲಿ, ರೆಕ್ಕೆ ಒದ್ದೆ ಮಾಡಿಕೊಂಡು, ಹೂವಿಂದ ಹೂವಿಗೆ, ತಲೆಯಲ್ಲಿ ಹಳದಿ ಪುಡಿ ಹೊತ್ತು. ಹಸಿರು ಮೈಯವು, ಬೂದಿ ಬಣ್ಣದವು, ಸೊಂಟಕ್ಕೆ ಹಳದಿ ಪಟ್ಟಿ ಕಟ್ಟಿ ಜೇನಿನ ವೇಷ ಹಾಕಿದವು. ಅವನು ಹೆಜ್ಜೇನಿಗಾಗಿ ಕಾಯುತ್ತ ಅವುಗಳ ನಡುವಿನಿಂದ ಆಚೆ ನೋಡಿದ್ದ. ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಫೆಬ್ರವರಿಯ ಮೊದಲ ವಾರ ಮೂಡುಬಿದಿರೆಯಲ್ಲಿ, ರಾಜಮತಿಯ ಅಣ್ಣನ ಮಗಳು ಗ್ರೀಷ್ಮಾಳ ನಿಶ್ಚಿತಾರ್ಥದ ಊಟದಲ್ಲಿ, ಎಲೆ ಮುಂದೆ ಕೂತಿದ್ದಾಗ, ಗ್ರೀಷ್ಮಾಳ ತಮ್ಮ ಆದೀಶ್ ಬಡಿಸುತ್ತ ಬಂದು, "ಮಾವನಿಗೆ ಈಗ ಹೊಸ ರೂಟ್. ನೊಣಕ್ಕೆ ಟಿಕೆಟ್ ಕೊಡುವುದು. ಮರಿ ನೊಣಕ್ಕೆ ಹಾಫಾ ಮಾವ?" ಎಂದು ಕೇಳಿದ್ದ. ಪಂಕ್ತಿ ಪೂರ್ತಿ ನಕ್ಕಿತು. ಗಂಡಿನ ಕಡೆಯ ಹಿರಿಯರೊಬ್ಬರು, ಯಾರಿವರು ಎಂಬಂತೆ ಬಗ್ಗಿ ನೋಡಿದರು. ಹೆಜ್ಜೇನಾದರೆ ಒಂದು ಘನತೆ ಉಂಟು. ನೊಣ ಎಣಿಸುವುದೆಂದರೆ! ಜೈನರ ಮನೆಯಲ್ಲಿ, ಸಂಜೆ ದೀಪಕ್ಕೆ ಹುಳ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಂಡು ಬೆಳೆದ ತಾನು, ನಾಲ್ಕು ಬೆಳಿಗ್ಗೆ ಕಣ್ಣೆದುರಿಗೆ ದುಡಿದ ಜೀವಗಳನ್ನು ಒಂದು ಊಟದ ನಗುವಿಗೆ ಹೆದರಿ ಸೊನ್ನೆ ಮಾಡಿದ್ದ. ಅವುಗಳ ಎಂಬತ್ತಾರು ಕಾಯಿಯನ್ನು, ಬಾರದೆ ಇದ್ದವರ ಹೆಸರಿಗೆ ಬರೆಸುತ್ತಿದ್ದ.

"ರಿಫಾ," ಎಂದ. ಅವಳು ಬರೆಯುತ್ತಿದ್ದಳು. "ಹೆಜ್ಜೇನು ಬರ್ಲಿಲ್ಲ."

"ಎಲ್ಲಿಗೆ?"

"ಇಲ್ಲಿಗೆ. ನಡುವಿನದಕ್ಕೂ. ಯಾವುದಕ್ಕೂ. ನಾನು ಬಸ್ಸಿನಲ್ಲೇ ಬರೆದದ್ದು. ಬರ್ತವೆ ಅಂತ ಬರೆದೆ, ಬರ್ಲಿಲ್ಲ, ಕಾಟು ಹೊಡೀಲಿಲ್ಲ."

ಅವಳ ಪೆನ್ಸಿಲು ಹಾಳೆಯ ಮೇಲೆ ನಿಂತೇ ಇತ್ತು. "ಎಷ್ಟು ದಿನ?"

"ಹನ್ನೆರಡೂ."

"ಕೆಳಗಿನ ತುಡುವೆ?"

"ಅದು ನಿಜ. ಚಿಟ್ಟೆಯೂ ನಿಜ. ಹೆಜ್ಜೇನು ಮಾತ್ರ..."

ರಿಫಾ ಒದ್ದೆ ಕಲ್ಲಿನ ಮೇಲೆ ಹಾಗೇ ಕೂತಳು. ಮಂಜು ಬಂದು ಅವಳ ಮುಖ ಮಬ್ಬಾಯಿತು, ಹೋಯಿತು, ಮುಖ ಹಾಗೇ ಇತ್ತು. "ನಾನು ಮೇಡಂಗೆ ಎಂತ ಹೇಳ್ಲಿ?"

"ಕಂಡಕ್ಟರ್ ಕಳ್ಳ ಅಂತ ಹೇಳು."

"ಹಾಗೆ ಹೇಳಿದ್ರೆ ನಿಮಗೆ ಹಗುರ ಆಗ್ತದೆ. ನನಗೆ ಎಂತ ಆಗ್ತದೆ? ಒಂದು ಇಡೀ ವರ್ಷದ ಹೂ, ಅಂಕಲ್. ಮತ್ತೆ ಬಿಡ್ಲಿಕ್ಕೆ ಹೇಳ್ತೀರಾ ನೀವು ಮರಕ್ಕೆ?"

ಎಲೆಯ ಮೇಲಿನ ಹನಿಗಳು ಕೊನೆಗೂ ಮನಸ್ಸು ಮಾಡಿ ಒಂದೊಂದಾಗಿ ಬೀಳತೊಡಗಿದವು. ಅವಳು ತಲೆಯೆತ್ತಿ ರೆಂಬೆ ನೋಡಿದಳು. ದನಿ ಈಗ ಬೇರೆಯಾಗಿತ್ತು, ಕೋಪ ಇದ್ದೂ ಅದರೊಳಗೆ ಇನ್ನೇನೋ ಕಣ್ಣು ಬಿಟ್ಟ ಹಾಗೆ. "ಹಾಗಾದ್ರೆ ಇದಕ್ಕೆ ಬಂದದ್ದು ಯಾರು?"

"ನೊಣ."

"ಎಷ್ಟು?"

ನಾಲಗೆಯ ತುದಿಗೆ ಸಂಖ್ಯೆ ಬಂದುಬಿಟ್ಟಿತ್ತು. ದಿನಕ್ಕೆ ನಲವತ್ತು, ಐವತ್ತು. ಹೇಳಿದರೆ ಅವಳು ಬರೆದುಕೊಳ್ಳುತ್ತಿದ್ದಳು, ಅವಳ ಕೆಲಸ ಅರ್ಧವಾದರೂ ಉಳಿಯುತ್ತಿತ್ತು, ನೊಣಗಳ ಹೆಸರೂ ಉಳಿಯುತ್ತಿತ್ತು. ಅಂದಾಜಿಗೆ ಅದು ಸುಳ್ಳೂ ಅಲ್ಲ. ಬೆರಳು ಬೆರಳನ್ನು ಉಜ್ಜಿತು. ಪುಷ್ಪರಾಜ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

"ಗೊತ್ತಿಲ್ಲ. ತುಂಬಾ ಇದ್ದವು. ನಾನು ಎಣಿಸ್ಲಿಲ್ಲ."

ರಿಫಾ ಅವನ ಮುಖವನ್ನು, ಇದುವರೆಗೆ ನೋಡಿರದಂತೆ, ನೋಡಿದಳು. ಆಮೇಲೆ ಹನ್ನೆರಡು ಹಾಳೆಗಳನ್ನೂ ತೊಡೆಯ ಮೇಲೆ ಹರಡಿ, ಒಂದೊಂದರ ಹೆಜ್ಜೇನಿನ ಕಾಲಂಗೆ ಮೇಲಿನಿಂದ ಕೆಳಗೆ ಗೆರೆ ಎಳೆದಳು. ನೊಣದ ಸೊನ್ನೆಗಳಿಗೂ ಎಳೆದಳು. ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ. ಗಾಳಿ ಎಂದು ಬರೆದದ್ದನ್ನು ರಬ್ಬರಿನಿಂದ ಒರೆಸಿದಳು. ಕಾಟುಗಳು ಅವನು ಹೆದರಿದ್ದಷ್ಟು ಕೆಟ್ಟದಾಗಿ ಕಾಣಲಿಲ್ಲ. ಉಳಿದದ್ದು ಮೂರು ಸಂಖ್ಯೆ: ಮೂವತ್ತೊಂದು, ಮೂರು, ಎಂಬತ್ತಾರು. "ಬರುವ ವರ್ಷ ನಾನೇ ಕೂರ್ತೇನೆ," ಎಂದಳು ಫೈಲು ಮುಚ್ಚುತ್ತ. "ನೀವು ಬೇಡ."

"ಸರಿ," ಎಂದ.

ಇಬ್ಬರೂ ರಸ್ತೆಗೆ ಇಳಿದರು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ, ಅವನ ಕಡೆ ನೋಡದೆ, "ಬರುವುದಾದ್ರೆ ಪೆನ್ನು ತರಬೇಡಿ. ನೋಡಿ ಹೇಳಿ, ನಾನು ಬರೀತೇನೆ," ಎಂದಳು.

ಖಲೀಲನ ಬಸ್ಸೇ ವಾಪಸು ಬರುತ್ತಿತ್ತು. ಜನ ಗಿಜಿಗಿಜಿ. ರಿಫಾಳಿಗೆ ಹಿಂದೆ ಸೀಟು ಸಿಕ್ಕಿತು. ಮೆಷಿನ್ನಿನ ಕಂಡಕ್ಟರ್ ಒಳಗೆಲ್ಲೋ ಸಿಕ್ಕಿಕೊಂಡಿದ್ದ. ಪುಷ್ಪರಾಜ ಮುಂದಿನ ಬಾಗಿಲ ಮೆಟ್ಟಿಲಲ್ಲಿ, ಕಂಬಿ ಹಿಡಿದು, ತನ್ನ ಹಳೆಯ ಜಾಗದಲ್ಲಿ ನಿಂತ. ಮಂಜು ಮುಗಿದು ಬಿಸಿಲು ಬಂತು, ಕಿವಿ ಮುಚ್ಚಿ ತೆರೆಯಿತು, ಮರಗಳು ಬೇರೆಯಾದವು, ಗಾಳಿಯ ವಾಸನೆ ಬೇರೆಯಾಯಿತು. ಒಂದೇ ಬೆಟ್ಟದಲ್ಲಿ ಎಷ್ಟೊಂದು ಊರು, ಎಷ್ಟೊಂದು ಗಡಿಯಾರ. ಎರಡನೆಯ ತಿರುವು ಹತ್ತಿರವಾದಾಗ ಖಲೀಲ ವೇಗ ಇಳಿಸಿದ. ಅಲ್ಲಿ ಈಗ ಯಾರೂ ಹತ್ತುವುದಿಲ್ಲ, ಹಾಗಾದರೂ ಅವನ ಕಾಲು ಬ್ರೇಕಿಗೆ ಹೋಗುತ್ತದೆ. "ಪುಷ್ಪಣ್ಣ, ಯಾರಾದ್ರೂ ಉಂಟಾ ನೋಡು ಮಾರಾಯ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ.

ಇಲ್ಲ ಎಂಬುದು ಬಾಯಿಗೆ ಬಂದಿತ್ತು. ಪುಷ್ಪರಾಜ ಅದನ್ನು ತಡೆದು, ಬಾಗಿಲಿನಿಂದ ಹೊರಕ್ಕೆ ಬಾಗಿದ. ಕಾಲುದಾರಿಯ ಮೇಲೆ ಹುಲ್ಲು ಬೆಳೆದಿತ್ತು. ಮೈಮೂನಮ್ಮ ಬುಟ್ಟಿ ಇಳಿಸುತ್ತಿದ್ದ ಕಲ್ಲು ಇತ್ತು. ಕಲ್ಲಿನಿಂದ ಕೆಳಗೆ, ದಾರಿ ತಿರುಗಿ ಮರೆಯಾಗುವವರೆಗೂ, ಒಂದೊಂದೇ ಮೆಟ್ಟಿಲಾಗಿ ಅವನ ಕಣ್ಣು ಇಳಿಯಿತು. ಹಿಂದಿನಿಂದ ಯಾರೋ, "ಎಂತ ಅದು, ಹೋಗುವ ಮಾರ್ರೆ!" ಎಂದು ಗೊಣಗಿದರು. ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ.

"ಯಾರೂ ಇಲ್ಲ," ಎಂದ. "ರೈಟ್."